ಕರುವಿಗೆ ಬಿಟ್ಟ ಹಾಲು

"ಕೆನೆ ತಕ್ಕೊಂಡು ನೀಲಿ ನೀರು ತಂದವ್ನೆ ನೋಡ್ರಮ್ಮಾ! ಅಮ್ಮ ಸತ್ತು ಮೂರು ತಿಂಗ್ಳಾಗಿಲ್ಲ, ಆಗ್ಲೇ ಕಳ್ತನ ಕಲ್ತವ್ನೆ."

ಡೇರಿಯ ಕಾರ್ಯದರ್ಶಿ ಸೀನಪ್ಪ ಹಾಗಂದಾಗ ಸಾಲಿನಲ್ಲಿದ್ದವರೆಲ್ಲ ಗಿರಿಯ ಕ್ಯಾನಿನೊಳಗೆ ಇಣುಕಿದರು. ಹಾಲಿನ ಕೊಬ್ಬು ಅಳೆಯುವ ಮಿಷನ್ನು, ಫ್ಯಾಟು ಮೂರೂವರೆ ಇರಬೇಕಾದಲ್ಲಿ ಎರಡೂವರೆ ತೋರಿಸುತ್ತಿತ್ತು.

"ಬೆಣ್ಣೆ ಯಾರಿಗ್ಲಾ ಮಡಗಿದ್ದೀಯ? ಎಣ್ಣು ಗಿಣ್ಣು ನೋಡಿದ್ಯಾ?" ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು.

"ನಾನು ಕೆನೆ ತಕ್ಕೊಂಡಿಲ್ಲ," ಅಂದ ಗಿರಿ. ಅಷ್ಟೇ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಸಿಟ್ಟು ಬಂದರೆ ನಾಲ್ಕು ಜನರ ಮುಂದೆ ಮಾತು ಜೋಡಿಸಲು ಬರುತ್ತಿರಲಿಲ್ಲ.

ಅದೇ ವಾರ ಅವನಿಗೆ ಒಳ್ಳೆಯ ಹೆಸರು ಬೇಕಿತ್ತು. ಊರಿನ ಸ್ವಸಹಾಯ ಸಂಘದ ಗಂಡಸರು ಹೆಂಗಸರು ಸೇರಿ ಹಾಲು ಒಡೆಸಿ ಪನೀರ್ ಮಾಡಿ ಬಂಗಾರಪೇಟೆಯ ಹೋಟೆಲುಗಳಿಗೆ ಕಳಿಸಲು ಹೊರಟಿದ್ದರು. ಸಂಘದಲ್ಲಿ ಅಮ್ಮನ ಜಾಗ ಖಾಲಿಯಿತ್ತು. ಅಲ್ಲಿ ಕೂತರೆ ವಾರಕ್ಕೊಂದು ದಿನವಾದರೂ ಯಾರಾದರೂ ತನ್ನ ಹೆಸರು ಹಿಡಿದು ಕರೆದಾರು ಎಂಬ ಆಸೆ. ಮನೆಯಲ್ಲಿ ಉಳಿದಿದ್ದು ಒಂದು ಸೀಮೆಹಸು, ಅದರ ಕರು.

ಸಂಜೆ ಸಂಘದ ಅಧ್ಯಕ್ಷೆ ಗಂಗರತ್ನಮ್ಮ ಕೊಟ್ಟಿಗೆಗೇ ಬಂದು ಕಂಬಕ್ಕೊರಗಿ ನಿಂತಳು. ಗಿರಿ ಮುಕ್ಕಾಲು ಭಾಗ ಹಾಲು ಕರೆದು ಎದ್ದು, ಕರುವಿನ ಹಗ್ಗ ಬಿಚ್ಚಿದ. ಅದು ಕೆಚ್ಚಲಿಗೆ ತಲೆ ಗುದ್ದಿ ಚಪ್ಪರಿಸತೊಡಗಿತು.

"ಅಯ್ಯೋ ಪೆದ್ದೇ! ಕೆನೆ ಇರಾದೇ ಕೊನೆ ಆಲಲ್ಲಿ ಕಣ್ಲಾ. ಅದನ್ನ ಕರೂಗೆ ಬುಟ್ಟು, ತೆಳುವಾದ್ದ ಡೇರಿಗೆ ತತ್ತೀಯ!"

"ಅಮ್ಮಾನೂ ಇಂಗೇ ಬಿಡ್ತಿದ್ಲು, ದೊಡ್ಡಮ್ಮ."

"ಆಗ ಎಮ್ಮೆ ಇತ್ತು. ಅದರಾಲು ಬೆರೆತು ಫ್ಯಾಟು ಏರ್ತಿತ್ತು."

ಅಮ್ಮನ ಆಸ್ಪತ್ರೆ ಸಾಲ ತೀರಿಸಲು ಎಮ್ಮೆ ಹೋದ ವಾರವಷ್ಟೇ ಮಾರಿಹೋಗಿತ್ತು.

"ಕರೂಗೆ ಮೊದ್ಲೇ ಕುಡಿಸ್ಬುಡು. ಆಮೇಲೆ ಕೊನೆ ಅನಿ ತಂಕ ಇಂಡ್ಕೊಂಡು ಬಾ. ಇಂಗಾಯ್ತು ಅಂತ ಎಲ್ರ ಮುಂದೆ ನೀನೇ ಒಂದ್ಮಾತು ಏಳು. ಸಂಘಕ್ಕೆ ನಾನು ಸೇರಿಸ್ಕತ್ತೀನಿ."

ಗಿರಿ ತಲೆಯಾಡಿಸಿದ. ಸುಲಭದ ಕೆಲಸವೇ.

ಬೆಳಗ್ಗೆ ಕರುವಿಗೆ ಮೊದಲು ಒಂದಿಷ್ಟು ಕುಡಿಸಿ ಕಟ್ಟಿ, ಕೆಚ್ಚಲಿಗೆ ಕೈ ಹಚ್ಚಿದ. ಮುಕ್ಕಾಲಾಗುತ್ತಲೇ ಬೆರಳು ನಿಂತವು. ಹಾಸಿಗೆ ಹಿಡಿದ ಮೇಲೂ ಅಮ್ಮ ಗೋಡೆಯಾಚೆಯಿಂದ ದಿನಾ ಕೇಳುತ್ತಿದ್ದಳು: "ಕರೂಗೆ ಬಿಟ್ಯೇನೋ?" ಕೊನೆಕೊನೆಗೆ ತಾಯಿ ಮಗನ ನಡುವೆ ಉಳಿದಿದ್ದ ಮಾತು ಅದೊಂದೇ. ಈಗ ಯಾರೂ ಕೇಳುವುದಿಲ್ಲ. ಆದರೂ ಅವನು ಹಗ್ಗ ಬಿಚ್ಚಿದ.

"ಬಿಟ್ಟೆ," ಅಂದ ಗೋಡೆಗೆ.

ಡೇರಿಯಲ್ಲಿ ಮಿಷನ್ನು ಮತ್ತೆ ಎರಡೂವರೆಗೇ ನಿಂತಿತು.

"ಬಂತಪ್ಪಾ ನೀಲಿ ನೀರು!" ಸೀನಪ್ಪ ಕೂಗಿದ.

ಗಂಗರತ್ನಮ್ಮ ಸಾಲು ಬಿಟ್ಟು ಮುಂದೆ ಬಂದಳು. "ಏಳ್ಲಾ ಗಿರಿ, ಯಾಕೆ ಇಂಗಾಯ್ತು ಅಂತ. ನಾನೇಳಿದ್ರೆ ಪಕ್ಷ ವಹಿಸ್ದೆ ಅಂತಾರೆ. ನಿನ್ ಬಾಯಲ್ಲೇ ಬರಲಿ."

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ನಿನ್ನೆ ನಕ್ಕ ಬಾಯಿಗಳು ಇವತ್ತೂ ನಗಲು ಸಿದ್ಧವಾಗಿದ್ದವು. ಗೋಡೆಗೆ ಆಡುವ ಮಾತನ್ನು ಇವರ ಮುಂದೆ ಆಡುವುದೇ?

ಗಿರಿ ಹಾಲನ್ನು ಅಳತೆಗೆ ಸುರಿದು, ಖಾಲಿ ಕ್ಯಾನು ಎತ್ತಿಕೊಂಡ. ಪನೀರಿನ ಹೊಸ ಪಾತ್ರೆಗಳನ್ನು ಬೋರಲು ಹಾಕಿದ್ದ ಸಂಘದ ಕಟ್ಟೆಯನ್ನು ದಾಟಿ, ಕರು ಕೂಗುತ್ತಿದ್ದ ಮನೆಯ ಕಡೆ ನಡೆದುಬಿಟ್ಟ.