ಹಿಂದ್ಗಡೆ ಓಡ್ತಿದ್ದದ್ದು

ಶಿವಾನಿ ಅಳಲಿಲ್ಲ ಎಂಬುದೇ ಅಗ್ರಹಾರದ ಆ ಬೀದಿಗೆ ದೊಡ್ಡ ಸುದ್ದಿಯಾಗಿತ್ತು. ಗಂಡ ವಿಶ್ವನಾಥ್ ತೀರಿಕೊಂಡ ಹನ್ನೆರಡನೇ ದಿನಕ್ಕೇ ಡಿಟಿಪಿ ಅಂಗಡಿಯ ಬಾಗಿಲು ತೆಗೆದಳು. ಮಾತಾಡುವವರು ಮಾತಾಡಿಕೊಂಡರು. ಅವಳಿಗೆ ಬೇಜಾರೂ ಆಗಲಿಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ.

ಮೂರು ತಿಂಗಳಾಗುವಷ್ಟರಲ್ಲಿ ಕಂಪ್ಯೂಟರೂ ಹಟ ಹಿಡಿಯಿತು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಹೈಸ್ಕೂಲಿನ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆಯನ್ನು ಇವತ್ತು ಸಂಜೆ ಐದಕ್ಕೆ ಕೊಡಬೇಕು. ತಪ್ಪಿದರೆ ಇನ್ನು ಮುಂದೆ ಬೇರೆ ಅಂಗಡಿ ಎಂದು ಹೆಡ್‌ಮಾಸ್ತರು ಗುರುಮಲ್ಲಪ್ಪನವರು ಅವಳ ಮುಖ ನೋಡದೆ ಹೇಳಿ ಹೋಗಿದ್ದರು. ಆ ಕೆಲಸ ಹೋದರೆ ಅಂಗಡಿಯೂ ಹೋದಂತೆ.

ರಿಪೇರಿಯ ಪುಟ್ಟಣ್ಣ ಬೆಳಿಗ್ಗೆಯೇ ಬಂದು ಪರದೆಯ ಮೇಲೆ ಉದ್ದದ ಪಟ್ಟಿಯೊಂದನ್ನು ತೆರೆದ.

“ನೋಡಿ ಅಕ್ಕಾವ್ರೇ, ಕಣ್ಣಿಗೆ ಕಾಣ್ದಂಗೆ ಇಷ್ಟೂ ಹಿಂದ್ಗಡೆ ಓಡ್ತಾ ಕೂತವೆ. ಮೆಮೊರಿ ಎಲ್ಲಾ ಇವೇ ತಿಂತಾ ಅವೆ. ಹವಾಮಾನದ್ದು, ಮೀನು ಈಜೋದು, ಚಾಟಿಂಗ್‌ದು... ವಿಶ್ವಣ್ಣ ಹಾಕಿದ್ದು. ಇರ್ಲಾ?”

“ತೆಗೀರಿ.”

“ಇದೊಂದು ಏನೂಂತ ಗೊತ್ತಾಗ್ತಿಲ್ಲ. ಅವ್ರೇ ಬರ್ದಿರೋ ಹಂಗದೆ.”

“ಎಲ್ಲಾ ತೆಗ್ದುಬುಡಿ.”

ಕಂಪ್ಯೂಟರ್ ಹೊಸದರಂತೆ ಓಡಿತು. ಮೇಲೆ ಶಾಲೆಯ ಹೆಸರು ಹೊಡೆದು, ಫೈಲಿಗೊಂದು ಹೆಸರು ಕೊಟ್ಟು ಕೂತವಳು ಮತ್ತೆ ತಲೆ ಎತ್ತಲಿಲ್ಲ. ಟೈಪು ಮಾಡುವಾಗ ಅವಳಿಗೆ ಸೇವ್ ಮಾಡುವ ನೆನಪೇ ಇರುತ್ತಿರಲಿಲ್ಲ. ಅದಕ್ಕೆ ದಿನಾ ಬೈಯುತ್ತಿದ್ದ ಗಂಡ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬೈಯುವುದನ್ನು ಬಿಟ್ಟಿದ್ದ. ಹೇಳಿ ಹೇಳಿ ಸಾಕಾಗಿರಬೇಕು ಎಂದುಕೊಂಡಿದ್ದಳು.

ಮೂರೂವರೆಗೆ ಕರೆಂಟು ಹೋಯಿತು. ಅವಳಿಗೆ ಗಾಬರಿಯಾಗಲಿಲ್ಲ. ಕರೆಂಟು ಹೋಗದ ದಿನ ಯಾವುದು? ಬಂದ ಮೇಲೆ ನೋಡಿದರೆ ಯಾವಾಗಲೂ ಕೊನೆಯ ನಾಲ್ಕು ಸಾಲು ಮಾತ್ರ ಹೋಗಿರುತ್ತಿತ್ತು.

ಈ ಸಲ ಕರೆಂಟು ಬಂದ ಮೇಲೆ ಫೈಲು ತೆರೆದರೆ ಶಾಲೆಯ ಹೆಸರು ಬಿಟ್ಟು ಏನೂ ಇರಲಿಲ್ಲ.

ಗಂಡನಿಗೆ ಸಾಕಾಗಿರಲಿಲ್ಲ. ಐದೈದು ನಿಮಿಷಕ್ಕೊಮ್ಮೆ ಅವಳ ಕೆಲಸ ತಾನಾಗಿ ಸೇವ್ ಆಗುವ ಏರ್ಪಾಡು ಮಾಡಿ, ಬಾಯಿ ಬಿಡದೆ ಸುಮ್ಮನಿದ್ದ. ಸತ್ತ ಮೇಲೂ ಮೂರು ತಿಂಗಳು ಅದು ನಡೆದಿತ್ತು. ಏನೆಂದು ಪುಟ್ಟಣ್ಣನಿಗೆ ಗೊತ್ತಾಗದ ಅದನ್ನು ಬೆಳಿಗ್ಗೆ ಅವಳೇ ತೆಗೆಸಿದ್ದಳು.

ಶಿವಾನಿ ಮೊದಲ ಪ್ರಶ್ನೆ ಟೈಪು ಮಾಡಿ ಸೇವ್ ಒತ್ತಿದಳು. ಎರಡನೆಯದು ಮಾಡಿ ಮತ್ತೆ ಒತ್ತಿದಳು. ಐದಕ್ಕೆ ಗುರುಮಲ್ಲಪ್ಪನವರು ಬಂದಾಗ ಇನ್ನೂ ಎರಡು ಪುಟ ಬಾಕಿ ಇತ್ತು, ಅವಳ ಕಣ್ಣೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಲಸ ಹೋಗುವ ಭಯಕ್ಕೆ ಅಳುತ್ತಿದ್ದಾಳೆಂದುಕೊಂಡು ಅವರು ಸ್ಟೂಲು ಎಳೆದುಕೊಂಡು ಕೂತರು.

“ಏಳಕ್ಕೆ ಕೊಟ್ರೂ ಆಯ್ತು ಕಣಮ್ಮ. ನಾನೆಲ್ಲೂ ಹೋಗಲ್ಲ.”

ಶಿವಾನಿ ತಲೆಯಾಡಿಸಿ, ಆಗಲೇ ಸೇವ್ ಆಗಿದ್ದನ್ನು ಇನ್ನೊಂದು ಸಲ ಸೇವ್ ಮಾಡಿದಳು.