ಮೂರು ತಾಲೂಕಿಗೆ ಒಂದೇ ಕಾರು

ದುಗ್ಗಪ್ಪ ಶೆಟ್ಟರಿಗೆ ಹುಚ್ಚು ಹಿಡಿಸಿದವನು ಅವರ ಅಳಿಯ. ಮದುವೆಯೊಂದಕ್ಕೆ ಬಾಡಿಗೆಗೆ ತರಿಸಿದ್ದ ಎಪ್ಪತ್ತು ವರ್ಷದ ಕಾರು ತೋರಿಸಿ, "ಹಳ್ತಾದ್ರೆ ಸಾಕಾತಿಲ್ಲ ಮಾವ, ಬೇರೆ ಯಾರ್ ಹತ್ರನೂ ಇರೂಕಾಗ. ಆಗ್ಳೇ ಬೆಲೆ" ಅಂದ.

ಶೆಟ್ಟರಲ್ಲಿ ಇಪ್ಪತ್ತೇಳು ವರ್ಷದ ಮಾರುತಿ ಎಂಟ್ನೂರು ಇತ್ತು. ಅವತ್ತೇ ಅದಕ್ಕೆ ಟಾರ್ಪಾಲು ಹೊದಿಸಿ, ಹೆಂಡತಿ ಚಂದ್ರಮತಿಯಕ್ಕನನ್ನು ಸಂತೆಗೆ ಬಸ್ಸಿನಲ್ಲಿ ಅಟ್ಟಿದರು. ಆಮೇಲೆ ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲೂಕಿನ ಉಳಿದ ಎಂಟ್ನೂರುಗಳ ಬೆನ್ನು ಹತ್ತಿದರು.

"ಅಡಿ ತುಕ್ಕ್ ಹಿಡದಿತ್ತ್ ಮಾರಾಯ್ರೆ, ಗುಜ್ರಿಗೆ ಕೊಡಿ" ಎಂದು ಮನೆಮನೆಗೆ ಹೋಗಿ, ಅವರದೇ ಚಾ ಕುಡಿದು ಅವರನ್ನೇ ಹೆದರಿಸಿದರು. ಎರಡು ವರ್ಷದಲ್ಲಿ ಹದಿಮೂರು ಕಾರು ಗುಜರಿ ಸೇರಿದವು. ಎಲ್ಲ ಬ್ರಹ್ಮಾವರದ ನನ್ನ ಗ್ಯಾರೇಜಿನ ಗಿರಾಕಿಗಳು. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು? ಬೈಂದೂರಿನ ಶೀನಣ್ಣ ಒಬ್ಬ ಮಾತ್ರ ಬಗ್ಗಲಿಲ್ಲ.

ಈ ವರ್ಷ ಕುಂದಾಪುರದಲ್ಲಿ ಹಳೆ ಕಾರುಗಳ ಮೆರವಣಿಗೆ ಎಂಬ ಸುದ್ದಿ ಬಂತು. ಶೆಟ್ಟರು ಟಾರ್ಪಾಲು ತೆಗೆದು ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ನನ್ನನ್ನು ಕರೆಸಿದರು; ನಿಂತಲ್ಲೇ ನಿಂತು ಕಾರ್ಬುರೇಟರು ಹಾಳಾಗಿತ್ತು.

"ಬೇರೆ ಹಾಕ್ ಪ್ರವೀಣ."

"ಹೊಸ್ತ್ ಸಿಕ್ಕುದಿಲ್ಲ. ಹಳ್ತ್ ಹದಿಮೂರಿತ್ತ್, ನೀವೇ ಗುಜ್ರಿಗೆ ಹಾಕ್ಸಿದ್ರಿ."

ಹೇಳುವಾಗ ಭಾರೀ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಒಳಗಿನಿಂದ ಚಂದ್ರಮತಿಯಕ್ಕ ಕೂಗಿದರು, "ಶೀನನ ಹತ್ರ ಕೇಣಿ. ಬಸ್ ಹತ್ತಿ ಹೋಯಿ ಬನ್ನಿ, ನಂಗಂತೂ ಅಭ್ಯಾಸ ಆಯ್ತ್!"

ಶೆಟ್ಟರು ನನ್ನನ್ನೂ ಎಳೆದುಕೊಂಡು ಬೈಂದೂರಿಗೆ ಹೊರಟರು. ಶೀನಣ್ಣ ಮೀನು ಮಾರಿ ಆಗಷ್ಟೇ ಬಂದಿದ್ದ. ಅವನ ಎಂಟ್ನೂರಿನ ಎಡಬಾಗಿಲನ್ನು ಹಗ್ಗದಲ್ಲಿ ಕಟ್ಟಿತ್ತು. ಒಳಗೆ ಬಂಗುಡೆ ನಾತ.

"ಹ್ವಾಯ್ ಶೆಟ್ರೆ, ಒಳ್ಳೇದಾಯ್ತ್ ಬಂದದ್ದ್! ನಿಮ್ ಕಾರಿನ್ ಎಡಬಾಗ್ಲ್ ಕೊಡ್ತ್ರಿಯಾ?"

ಕಾರ್ಬುರೇಟರು ಕೇಳಲು ಬಂದ ಶೆಟ್ಟರು ಹಗ್ಗದ ಗಂಟು ಮುಟ್ಟಿ ನೋಡಿದರು. ದಿನಾ ದುಡಿಯುವ ಕಾರಿನ ಜೀವ ಕೀಳಿ ಎಂದು ಹೇಗೆ ಕೇಳುತ್ತಾರೆ?

"ಬಸ್ಸಿಗ್ ಎಂತಕೆ, ನಾನ್ ಬಿಡ್ತೆ" ಎಂದು ಶೀನಣ್ಣ ಬ್ರಹ್ಮಾವರದ ತನಕವೂ ಬಂದ. ಶೆಟ್ಟರು ಮುಂದೆ ಕೂತು ದಾರಿಯುದ್ದಕ್ಕೂ ಬಾಗಿಲು ಹಿಡಿದುಕೊಂಡಿದ್ದರು. ಸಾಸ್ತಾನದ ಟೋಲ್ ದಾಟಿದ ಮೇಲೆ, "ಎರಡ್ ವರ್ಷ ಆಯ್ತಲೆ ಈ ಇಂಜಿನ್ ಶಬ್ದ ಕೇಣದೆ" ಅಂದರು. ಮುಖ ಕಿಟಕಿಯಾಚೆ ಚಾಚಿದರು. ಮೀನಿನ ನಾತಕ್ಕಂತೂ ಅಲ್ಲ.

ಅಂಗಳದಲ್ಲಿ ಇಳಿದವರು ತಮ್ಮ ಕಾರಿನ ಸುತ್ತ ಒಂದು ಸುತ್ತು ಬಂದರು.

"ಪ್ರವೀಣ, ಪಾನಾ ತಾ. ಎಡಬಾಗ್ಲ್ ಬಿಚ್ಚ್."

ನಾನು ಬಿಚ್ಚುವಾಗ ಅವರು ಮುಖ ತಿರುಗಿಸಿ ನಿಂತರು. ನನಗೂ ನಗು ಬರಲಿಲ್ಲ. ಬಾಗಿಲು ಕೂರಿಸಿ ಮುಗಿಯುವ ಮೊದಲೇ ಚಂದ್ರಮತಿಯಕ್ಕ ಚೀಲ ಹಿಡಿದು ಶೀನಣ್ಣನ ಕಾರಿನಲ್ಲಿ ಕೂತಿದ್ದರು, ಸಂತೆಗೆ.

ಈಗ ಮೂರು ತಾಲೂಕಿಗೆ ಓಡುವ ಎಂಟ್ನೂರು ಅದೊಂದೇ. ಹೆದ್ದಾರಿಯಲ್ಲಿ ಅದು ಹೋದಾಗಲೆಲ್ಲ ಶೆಟ್ಟರು ಪಕ್ಕದಲ್ಲಿದ್ದವರ ತೋಳು ಹಿಡಿದು ಹೇಳುತ್ತಾರೆ: "ಕಾಣಿ, ಆ ಎಡಬಾಗ್ಲ್ ನಮ್ದ್."