ಮದುವೆ ಬ್ಯಾಂಡು, ಸಾವಿನ ಬ್ಯಾಂಡು

ಬೆಳಗಿನ ಮೊದಲ ತಟ್ಟೆ ಬನ್ನು ಒಲೆಯೊಳಗೆ ಉಬ್ಬುತ್ತಿರುವಾಗ ಬೇಕರಿಯ ಭೋಂ ಮಾವ ಹಿಟ್ಟು ಮೆತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಖಾಲಿ ಕಪಾಟಿನ ಮುಂದೆ ಭಾಷಣ ಮಾಡುತ್ತಿದ್ದ.

"ಮಾನ್ಯರೇ, ನಮ್ಮೂರಿನ ಹಿತ್ತಾಳೆ ಬ್ಯಾಂಡಿಗೆ ಈಗ ನೂರು ವರ್ಷ. ಅದರ ಇತಿಹಾಸ ಏನೆಂದರೆ..."

ಅಲ್ಲಿಗೆ ಬಂಡಿ ನಿಂತಿತು. ಇತಿಹಾಸ ಏನೆಂಬುದು ಅವನಿಗೆ ಗೊತ್ತಿದ್ದರೆ ತಾನೇ!

"ಕಪಾಟು ಚಪ್ಪಾಳೆ ತಟ್ಟೋದು ಆಮೇಲಾಯ್ತು, ಮೊದಲು ಬನ್ನು ತೆಗೀರಿ. ಸೀದು ಕರಕಲಾಗ್ತಿದೆ," ಎಂದಳು ಹೆಂಡತಿ.

ಮದುವೆ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಹಳೆಯನ್ನು ಊದುವವನು ಇವನೇ. ಹೊಟ್ಟೆಯ ಸುತ್ತ ಸುತ್ತಿಕೊಂಡು ಹೆಗಲ ಮೇಲೆ ಬಾಯಿ ತೆರೆಯುವ ಆ ವಾದ್ಯಕ್ಕೆ ಗೊತ್ತಿರುವುದು ಭೋಂ, ಭೋಂ ಎನ್ನುವುದೊಂದೇ. ಮಕ್ಕಳು ಅದೇ ಹೆಸರನ್ನು ಅವನಿಗೆ ಅಂಟಿಸಿದ್ದರು. ಶತಮಾನೋತ್ಸವದ ದಿನ ಬ್ಯಾಂಡಿನ ಇತಿಹಾಸ ಹೇಳುವ ಕೆಲಸವನ್ನು ಬ್ಯಾಂಡ್ ಮೇಷ್ಟ್ರು ಅವನ ತಲೆಗೆ ಕಟ್ಟಿದ್ದರು. ಮೇಷ್ಟ್ರ ಕಸುಬು ದರ್ಜಿಯದು. ಅವರು ಅಳತೆ ತೆಗೆದ ಮೇಲೆ ಆಯಿತು, ಯಾರೂ ತಿರುಗಿ ಮಾತಾಡುವಂತಿಲ್ಲ.

ಊರಿನಲ್ಲಿದ್ದದ್ದು ಎರಡು ಬ್ಯಾಂಡು. ಕೆಂಪು ಕೋಟಿನವರು ಮದುವೆಗೆ, ಕಪ್ಪು ಕೋಟಿನವರು ಸಾವಿಗೆ. ಅದೇ ಹಿತ್ತಾಳೆ, ಅದೇ ಉಸಿರು. ಆದರೂ ಕಪ್ಪು ಕೋಟಿನವರನ್ನು ಯಾರೂ ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ. ಮದುಮಕ್ಕಳ ಮೆರವಣಿಗೆಗೆ ಅವರಲ್ಲೊಬ್ಬ ಎದುರಾದರೆ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಇದು ತಪ್ಪು ಅಂತ ಭೋಂ ಮಾವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಸರಿ ಅಂತಲೂ ಅನ್ನಿಸಿರಲಿಲ್ಲ. ಅವನು ಆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಈಗ ಯೋಚಿಸಬೇಕಾಗಿ ಬಂತು. ಒಂದು ಊರಿಗೆ ಎರಡು ಬ್ಯಾಂಡು ಯಾಕಾಯಿತು? ಸೋದರತ್ತೆಯನ್ನು ಕೇಳಿದ.

"ಇದ್ದದ್ದು ಒಂದೇ ಕಣೋ. ಅಣ್ಣತಮ್ಮಂದಿರು ಊದೋರು. ಇಬ್ಬರಿಗೂ ಒಬ್ಬಳೇ ಹುಡುಗಿ ಮೇಲೆ ಮನಸ್ಸಾಯ್ತು. ಗೆದ್ದೋನು ಮದುವೆಗೆ ಊದ್ದ, ಸೋತೋನು ಸಾವಿಗೆ ಊದ್ದ," ಎಂದಳು ಅತ್ತೆ, ಮದುವೆಯ ಊಟವನ್ನು ತಾನೇ ಉಂಡು ಬಂದವಳಂತೆ.

ಮೇಷ್ಟ್ರು ಅದನ್ನು ಕೇಳಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕರು. "ಎಲ್ಲಾ ಕಟ್ಟುಕತೆ. ಮೊದಲಿಂದ ಇದ್ದದ್ದು ನಮ್ಮದು. ಸರಿಯಾಗಿ ಊದೋಕೆ ಬರದೇ ಇದ್ದೋರನ್ನ ಹೊರಗೆ ಹಾಕಿದ್ರು, ಅವರು ಸಾವಿನ ಬ್ಯಾಂಡು ಕಟ್ಟಿಕೊಂಡ್ರು."

ಅಂಚೆಯವನ ಪ್ರಕಾರ ಹಾಗೂ ಅಲ್ಲ, ಹೀಗೂ ಅಲ್ಲ. ಒಂದು ಸಲ ಬ್ಯಾಂಡಿನವರು ಸಾವಿನ ಮನೆಯಿಂದ ನೇರವಾಗಿ ಮದುವೆಗೆ ಹೋದರಂತೆ, ಮದುಮಗಳು ಅಲ್ಲೇ ಮೂರ್ಛೆ ಹೋದಳಂತೆ, ಅಂದಿನಿಂದ ಬ್ಯಾಂಡು ಎರಡಾಯಿತಂತೆ. "ಹಸಿವಿಗೆ ಬಿದ್ದಿರಬೇಕು," ಎಂದಳು ಭೋಂ ಮಾವನ ಹೆಂಡತಿ. ಮೂವರೂ ಆಣೆ ಇಟ್ಟು ಹೇಳುವಷ್ಟು ಖಚಿತವಾಗಿದ್ದರು. ಮೂವರ ಮಾತನ್ನೂ ಸೇರಿಸಿ ನಾದಿದರೆ ಯಾವ ಆಕಾರಕ್ಕೂ ಬಾರದ ಹಿಟ್ಟಾಗುತ್ತಿತ್ತು. ಅವನ ತಲೆ ಕೆಟ್ಟು ಹೋಯಿತು.

ಕೊನೆಗೆ ಅವನು ಸಾವಿನ ಬ್ಯಾಂಡಿನ ಹಿರಿಯನನ್ನೇ ಹುಡುಕಿಕೊಂಡು ಹೋದ. ಬೀಗ ರಿಪೇರಿ ಮಾಡುವ ಮುದುಕ, ಊರಿಗೆಲ್ಲ ಬೀಗದಜ್ಜ. ಮೋಟು ಬಾಗಿಲಿನ ಅಂಗಡಿ, ಮೊಳೆ ಮೊಳೆಗೂ ಕೀಲಿಗೊಂಚಲು. ಒಳಗೆ ಕಾಲಿಡಬೇಕೋ ಬೇಡವೋ ತಿಳಿಯದೆ ಭೋಂ ಮಾವ ಹೊಸ್ತಿಲಲ್ಲೇ ತಡವರಿಸಿದ.

"ಬಾರಪ್ಪಾ. ಬೀಗ ಕೆಟ್ಟಿದ್ಯಾ?"

"ಇಲ್ಲ ಅಜ್ಜ. ಬ್ಯಾಂಡು ಎರಡು ಯಾಕಾಯ್ತು ಅಂತ ಕೇಳೋಣ ಅಂತ ಬಂದೆ."

ಅಜ್ಜ ಕೀಲಿ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. "ನಂಗೂ ಗೊತ್ತಿಲ್ಲ ಕಣಪ್ಪಾ. ನಮ್ಮಪ್ಪ ಸಾವಿಗೆ ಊದ್ತಿದ್ದ. ನಾನೂ ಊದ್ದೆ. ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ." ಆಮೇಲೆ ತಾನೇ ನಕ್ಕ. "ಒಂದು ಮಾತ್ರ ಗೊತ್ತು. ಊರಿನ ಎಲ್ಲರನ್ನೂ ಊದಿ ಕಳಿಸಿಕೊಡೋದು ನಾವು. ನಮ್ಮಲ್ಲೊಬ್ಬ ಹೋದ್ರೆ ಮಾತ್ರ ಊದೋರಿಲ್ಲ."

"ಯಾಕೆ, ನಿಮ್ಮವರೇ ಊದಬಹುದಲ್ವಾ?"

"ನೀನೂ ಊದೋನು, ನಿಂಗೆ ಹೇಳಿಕೊಡಬೇಕಾ? ಅಳೋ ತುಟೀಲಿ ಸ್ವರ ನಿಲ್ಲುತ್ತಾ? ಅದಕ್ಕೆ ನಮ್ಮವರ ಸಾವಿಗೆ ನಾವು ಕಹಳೆ ಮುಟ್ಟಲ್ಲ, ಮೊದಲಿಂದ್ಲೂ. ನೀವಂತೂ ಬರೋರಲ್ಲ. ನಾನು ಹೋದಾಗ ಊರು ಹಾಯಾಗಿ ಮಲಗಬಹುದು ಬಿಡು."

ಭೋಂ ಮಾವನಿಗೆ ನಗು ಬರಲಿಲ್ಲ. ಕಪ್ಪು ಕೋಟಿನವರ ಎಷ್ಟೋ ಹೆಣಗಳು ಬೇಕರಿಯ ಮುಂದೆಯೇ ಹೋಗಿದ್ದವು. ಅವು ಸದ್ದಿಲ್ಲದೆ ಹೋಗಿದ್ದವು ಎಂಬುದು ಈಗ ಹೊಳೆಯಿತು. ತನ್ನ ಕಿವಿಯ ಮೇಲೆ ತನಗೇ ನಾಚಿಕೆಯಾಯಿತು.

ಶತಮಾನೋತ್ಸವ ಇನ್ನೇನು ಬಂತು ಎನ್ನುವಾಗ ಬೀಗದಜ್ಜ ತೀರಿಕೊಂಡ. ಸುದ್ದಿ ಬಂದಾಗ ಕೆಂಪು ಕೋಟಿನವರೆಲ್ಲ ಮೇಷ್ಟ್ರ ಹೊಲಿಗೆ ಅಂಗಡಿಯಲ್ಲಿ ಹೊಸ ಕೋಟು ಹಾಕಿ ನೋಡುತ್ತಿದ್ದರು. ಭೋಂ ಮಾವ ಒಂದೇ ತೋಳು ತೂರಿಸಿಕೊಂಡು ನಿಂತಿದ್ದ.

"ಮೇಷ್ಟ್ರೇ, ನಾವು ಹೋಗಿ ಊದೋಣ," ಎಂದುಬಿಟ್ಟ.

ಹೊಲಿಗೆ ಯಂತ್ರ ನಿಂತಿತು. ಮೇಷ್ಟ್ರು ಕೂಗಾಡಲಿಲ್ಲ. ಮೆತ್ತಗೇ ಹೇಳಿದರು. "ನೋಡು, ನಂಗೂ ಆ ಮುದುಕನ ಮೇಲೆ ದ್ವೇಷ ಇಲ್ಲ. ಅವನಂಥ ಕೈ ಊರಲ್ಲಿಲ್ಲ. ಆದ್ರೆ ಇವತ್ತು ಸಾವಿಗೆ ಊದಿದ ಬಾಯನ್ನ ನಾಳೆ ಯಾವ ಹೆಣ್ಣಿನ ತಾಯಿ ಮನೆಗೆ ಕರೀತಾಳೆ? ಇಲ್ಲಿರೋರ ಮನೇಲಿ ಒಲೆ ಉರಿಯೋದು ಮದುವೆಯಿಂದ. ನಿನ್ನ ಕೇಕು ಹೋಗೋದೂ ಅಲ್ಲಿಗೇ."

"ಕರೆಯದೇ ಇರೋಕೆ ಕಾರಣ ಏನು ಮೇಷ್ಟ್ರೇ?"

"ಕಾರಣ ನಾನು ಮಾಡಿದ್ದಲ್ಲ."

"ಮತ್ಯಾರು ಮಾಡಿದ್ದು? ಅದನ್ನೇ ಊರೆಲ್ಲ ಕೇಳ್ಕೊಂಡು ಬಂದೆ. ಯಾರಿಗೂ ಗೊತ್ತಿಲ್ಲ. ಅದು ತಪ್ಪು ಅಂತ ಹೇಳೋಕೆ ನಂಗೆ ಮಾತು ಬರ್ತಿಲ್ಲ. ಸರಿ ಅಂತ ಸುಮ್ಮನಿರೋಕೂ ಆಗ್ತಿಲ್ಲ."

"ಹೋಗೋದಾದ್ರೆ ಕೋಟು ಇಲ್ಲೇ ಬಿಚ್ಚಿಟ್ಟು ಹೋಗು," ಎಂದರು ಮೇಷ್ಟ್ರು. ಉಳಿದವರು ಗುಂಡಿ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದರು. ಅವನು ತೂರಿಸಿದ್ದ ಒಂದು ತೋಳನ್ನೂ ಹೊರಗೆಳೆದುಕೊಂಡು ಬಂದ.

ಮನೆಗೆ ಬಂದವನು ಮೂಲೆಯಲ್ಲಿದ್ದ ಕಹಳೆಯನ್ನು ನೋಡುತ್ತಾ ಕುಳಿತ. ಯೌವನದಿಂದ ಹೊತ್ತ ವಾದ್ಯ, ಯೌವನದಿಂದ ಜೊತೆಗಿದ್ದ ಗೆಳೆಯರು. ಇವತ್ತು ಹೋದರೆ ಎಲ್ಲ ಮುಗಿಯಿತು. ಹೋಗದಿದ್ದರೆ ಆ ಮುದುಕ ಮೂಕನಾಗಿ ಹೋಗುತ್ತಾನೆ. ಹೆಂಡತಿ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಳು. ಮದುವೆ ಕೇಕಿನ ಚಿಂತೆ ಅವಳಿಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ನೀವು ಹೋಗಬೇಡಿ ಅಂದ್ರೆ ನಿಲ್ತೀರಾ?" ಕೇಳಿದಳು.

"ಗೊತ್ತಿಲ್ಲ ಕಣೇ."

"ನಿಲ್ಲಲ್ಲ ನೀವು. ನಿಮಗೆ ಮಾತಾಡೋಕೆ ಯಾವತ್ತು ಬಂದಿದೆ? ಬರೋದು ಊದೋಕೆ ಒಂದೇ. ಎದ್ದು ಹೋಗಿ."

ಅಜ್ಜನ ಮನೆ ಮುಂದೆ ಕಪ್ಪು ಕೋಟಿನವರು ಬರಿಗೈಯಲ್ಲಿ ನಿಂತಿದ್ದರು. ಹೊಟ್ಟೆಯ ಸುತ್ತ ಹಿತ್ತಾಳೆ ಹೊತ್ತು ಬಂದ ಭೋಂ ಮಾವನನ್ನು ಕಂಡು ಅವರಿಗೆ ದಿಕ್ಕೇ ತೋಚಲಿಲ್ಲ. ಒಬ್ಬ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿಬಿಟ್ಟ. ಹೆಣ ಎತ್ತುವ ಹೊತ್ತಾಗಿತ್ತು. ಭೋಂ ಮಾವ ಕಹಳೆಗೆ ತುಟಿ ಇಟ್ಟ, ತೆಗೆದ. ಆಗಲೇ ಅವನಿಗೆ ಅರಿವಾಯಿತು. ಸಾವಿಗೆ ಊದುವ ಒಂದು ಪದವೂ ಅವನಿಗೆ ಬರುತ್ತಿರಲಿಲ್ಲ. ಜೀವಮಾನವೆಲ್ಲ ಊದಿದ್ದು ಮದುವೆಯದು. ಅದರಲ್ಲೂ ಅವನದು ಕೆಳಗಿನ ಭೋಂ ಮಾತ್ರ, ಮೇಲಿನ ರಾಗ ಊದುವವರು ಬೇರೆ.

ನಾಚಿಕೆಯಿಂದ ಕೆಂಪಾಗಿ ಅಜ್ಜನ ಹೆಂಡತಿಯ ಹತ್ತಿರ ಬಗ್ಗಿದ. "ಅಜ್ಜೀ, ತಪ್ಪಾಯ್ತು. ಊದೋಕೆ ಅಂತ ಬಂದೆ. ಮದುವೇದು ಬಿಟ್ಟು ನಂಗೆ ಬೇರೇದು ಬರಲ್ಲ."

ಅಜ್ಜಿ ಅವನ ಮುಖ ನೋಡಿದಳು, ಕಹಳೆ ನೋಡಿದಳು.

"ಮದುವೇದೇ ಊದಪ್ಪಾ," ಎಂದಳು. "ನಮ್ಮ ಮದುವೇಗೆ ಯಾರೂ ಊದ್ಲಿಲ್ಲ. ಸಾವಿನ ಬ್ಯಾಂಡಿನೋರ ಮನೆ ಅಂತ ನಿಮ್ಮೋರು ಬರಲ್ಲ ಅಂದ್ರು. ಇವರ ಕಡೆಯೋರು ಕಹಳೆ ಮುಟ್ಟಿದ್ರೆ ಅಪಶಕುನ ಅಂತ ನಮ್ಮ ತಾಯಿ ಅತ್ತಳು. ಸುಮ್ಮನೆ ನಡ್ಕೊಂಡು ಬಂದ್ವಿ, ಇಬ್ಬರೂ."

ಅವನು ಊದಿದ. ಭೋಂ, ಭೋಂ. ರಾಗವಿಲ್ಲದ ಬರೀ ಅಡಿಪಾಯ. ಕೇಳಿದವರಿಗೆ ತಲೆಬುಡ ತಿಳಿಯುವಂತಿರಲಿಲ್ಲ. ಆದರೆ ಅಜ್ಜಿಗೆ ತಿಳಿಯಿತು. ಛತ್ರದ ಹೊರಗೆ ನಿಂತು ಎಷ್ಟು ವರ್ಷ ಕೇಳಿದ್ದಳೋ, ಆ ಭೋಂಕಾರದ ಮೇಲೆ ಮದುವೆಯ ರಾಗವನ್ನು ಒಡಕು ದನಿಯಲ್ಲಿ ಗುನುಗತೊಡಗಿದಳು. ಗೋಡೆಗೆ ತಿರುಗಿದ್ದವನು ಇತ್ತ ತಿರುಗಿದ.

ಮೆರವಣಿಗೆ ಮುಖ್ಯ ಬೀದಿಗೆ ಬಂದಾಗ ಊರಿಗೆ ಊರೇ ಗಲಿಬಿಲಿಗೊಂಡಿತು. ಟೋಪಿ ತೆಗೆಯಬೇಕೋ, ಹೂವು ಎಸೆಯಬೇಕೋ? ಅಂಚೆಯವನು ನಗುತ್ತಾ ಮುಂದೆ ಬಂದವನು ಹೆಣ ಕಂಡು ಬೆಪ್ಪಾಗಿ ನಿಂತ. ಸೋದರತ್ತೆ ಯಾರ ಮದುವೆಯೆಂದು ಕಿಟಕಿಯಿಂದಲೇ ಕೂಗಿ ಕೇಳಿದಳು.

ಮೇಷ್ಟ್ರ ಅಂಗಡಿಯಲ್ಲಿ ಯಂತ್ರ ನಿಂತಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮೇಷ್ಟ್ರು ಬಾಗಿಲಿಗೆ ಬಂದರು. ಭೋಂ ಮಾವನ ಎದೆ ಹಾರಿತು, ಅದರೊಂದಿಗೆ ಲಯವೂ ಓಡಿತು. ಮದುವೆಯ ಪದ, ಅದರ ಓಟವೇ ಹಾಗೆ. ಹೆಣ ಹೊತ್ತವರ ಕಾಲುಗಳು ಒಂದಕ್ಕೊಂದು ತೊಡರಿದವು. ಅಜ್ಜಿಗೆ ಉಸಿರು ಸಾಲದಾಯಿತು. ಮೇಷ್ಟ್ರು ಕೈಕಟ್ಟಿ ನೋಡಿದರು. ಇನ್ನೊಂದು ಕ್ಷಣ ನೋಡಿದರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಥೂ ನಿನ್ನ! ಎಲ್ಲಿಗೆ ಓಡ್ತಿದೀಯ?" ಎಂದು ಮೆಟ್ಟಿಲಿಳಿದು ಬೀದಿಗೆ ಬಂದೇಬಿಟ್ಟರು. "ಹೊತ್ತೋರ ಹೆಜ್ಜೆ ನೋಡಿ ಊದು. ಆ ತಾಯಿಗೆ ಉಸಿರು ಬೇಡ್ವಾ? ನಿಧಾನ!"

ಅವರು ಮೆರವಣಿಗೆಯ ಮುಂದೆ ಹೋಗಿ, ಹಿಮ್ಮುಖವಾಗಿ ನಡೆಯುತ್ತಾ ಎರಡೂ ಕೈ ಎತ್ತಿ ತಾಳ ಹಾಕತೊಡಗಿದರು. ಅವರ ಕಣ್ಣು ತುಂಬಿತ್ತು, ಬೈಗುಳ ಮಾತ್ರ ನಿಂತಿರಲಿಲ್ಲ. ಅಂಗಡಿಯಿಂದ ಒಬ್ಬೊಬ್ಬರಾಗಿ ಕೆಂಪು ಕೋಟುಗಳು ಸಣ್ಣ ಕಹಳೆ ಹಿಡಿದು ಇಳಿದು ಬಂದವು. ಯಾರು ಎಲ್ಲಿ ನಿಲ್ಲಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕಪ್ಪು ಕೋಟುಗಳ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸೇರಿಕೊಂಡರು.

ರಾಗ ಮೇಲೆದ್ದಿತು. ಅಜ್ಜಿ ಗುನುಗುವುದನ್ನು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಗಂಡನ ಪಕ್ಕದಲ್ಲಿ ತಲೆಯೆತ್ತಿ ನಡೆದಳು.